ಟ್ಯಾಬ್‌ನಲ್ಲಿ ಫೇಡರ್ ಏರುತ್ತದೆ, ಸ್ಟೇಜ್ ಮೇಲೆ ಲೈಟ್ ಹತ್ತುವುದಿಲ್ಲ: ರಂಗದ ಬೆಳಕಿಗೊಂದು ದೋಷ ನಿವಾರಣೆ ಕೈಪಿಡಿ

ನಮ್ಮ ಕಲಬುರಗಿ ಕಡೆ ನಾಟಕಕ್ಕೆ ಬೆಳಕು ಮಾಡುವ ಹುಡುಗ ಹುಡುಗಿಯರು ಈಗ ಬೆಳಕು ನಿಯಂತ್ರಿಸುವ ದೊಡ್ಡ ಕನ್ಸೋಲ್ ಸಿಗಲಿ ಎಂದು ಕಾಯಬೇಕಾಗಿಲ್ಲ. ಒಂದು ಟ್ಯಾಬ್, ಒಂದು ವೈಫೈ ರೌಟರ್, ಒಂದು ಆರ್ಟ್‌ನೆಟ್ ನೋಡ್ (ನೆಟ್‌ವರ್ಕ್‌ನಲ್ಲಿ ಬಂದ ಬೆಳಕಿನ ಸಿಗ್ನಲನ್ನು ಲೈಟ್‌ಗಳ ಕೇಬಲ್‌ಗೆ ದಾಟಿಸುವ ಪೆಟ್ಟಿಗೆ), ಎಂಟ್ಹತ್ತು ಎಲ್‌ಇಡಿ ಪಾರ್ (ಬಣ್ಣ ಬದಲಿಸುವ ಸ್ಟೇಜ್ ಲೈಟ್). ಇಷ್ಟಿದ್ದರೆ ಡಾ. ಎಸ್.ಎಂ. ಪಂಡಿತ ರಂಗಮಂದಿರದಲ್ಲೂ ಷೋ ಮಾಡಬಹುದು, ಆಳಂದ, ಜೇವರ್ಗಿ ಕಡೆಯ ಹಳ್ಳಿ ಜಾತ್ರೆಯ ಸ್ಟೇಜ್ ಮೇಲೂ ಮಾಡಬಹುದು. ಪ್ಲಾನ್ ಬರೆಯುವುದು, ಲೈಟ್ ಪಟ್ಟಿ ಮಾಡುವುದು, ಕ್ಯೂ (ಯಾವ ಹೊತ್ತಿಗೆ ಯಾವ ಬೆಳಕು ಎಂಬ ಗುರುತು) ಹಾಕುವುದು, ಎಲ್ಲವೂ ಅದೇ ಟ್ಯಾಬ್‌ನಲ್ಲಿ. ನನಗಂತೂ ಇದು ದೊಡ್ಡ ಖುಷಿ.

ತೊಂದರೆ ಶುರುವಾಗುವುದು "ಅಣ್ಣಾ, ಲೈಟ್ ಹತ್ತವಲ್ದು ನೋಡ್ರಿ" ಎಂಬ ಕೂಗು ಬಂದಾಗ. ಆಗ ಬಹಳ ಮಂದಿ ಆ್ಯಪ್ ಮುಚ್ಚಿ ತೆರೆಯುತ್ತಾರೆ. ಆಗಲಿಲ್ಲ ಎಂದರೆ ಟ್ಯಾಬ್ ರೀಸ್ಟಾರ್ಟ್. ಅದೂ ಆಗಲಿಲ್ಲ ಎಂದರೆ ಆ್ಯಪ್ ಕಿತ್ತು ಹಾಕಿ ಮತ್ತೆ ಇನ್‌ಸ್ಟಾಲ್. ದಯವಿಟ್ಟು ಈ ಕೊನೆಯ ಕೆಲಸ ಮಾತ್ರ ಮಾಡಬೇಡಿ. ಎಷ್ಟೋ ಆ್ಯಪ್‌ಗಳು ಷೋ ಫೈಲನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಆ್ಯಪ್ ಹೋದರೆ ನಿಮ್ಮ ಕ್ಯೂಗಳೂ ಅದರ ಜೊತೆ ಹೋಗುತ್ತವೆ. ಏನೇ ರಿಪೇರಿ ಶುರು ಮಾಡುವ ಮೊದಲು ಷೋ ಫೈಲನ್ನು ಹೊರಗೆ ಎಕ್ಸ್‌ಪೋರ್ಟ್ ಮಾಡಿ ಇನ್ನೊಂದು ಫೋನಿಗೆ ಕಳಿಸಿಡಿ.

ಒಂದು ಮಾತು ಮೊದಲೇ ತಿಳಿದಿರಬೇಕು. ಲೈಟ್ ಹತ್ತಿತೋ ಇಲ್ಲವೋ ಟ್ಯಾಬ್‌ಗೆ ಗೊತ್ತೇ ಆಗುವುದಿಲ್ಲ. ಟ್ಯಾಬ್‌ನಿಂದ ನೋಡ್‌ಗೆ ಬೆಳಕಿನ ಮಟ್ಟ ಒಯ್ಯುವ ಭಾಷೆ ಆರ್ಟ್‌ನೆಟ್ ಆಗಲಿ, ಎಸ್‌ಎಸಿಎನ್ ಆಗಲಿ, ಎರಡೂ ಯುಡಿಪಿ ಮೇಲೆ, ಅಂದರೆ ಕಳಿಸಿ ಸುಮ್ಮನಾಗುವ ಪದ್ಧತಿಯ ಮೇಲೆ, ಓಡುವಂಥವು. ಬೆಳಕಿನ ಮಟ್ಟ ಮುಟ್ಟಿತು ಎಂದು ಆ್ಯಪ್‌ಗೆ ರಸೀದಿ ವಾಪಸ್ ಬರುವುದಿಲ್ಲ. ನೋಡ್‌ನಿಂದ ಮುಂದೆ ಲೈಟ್‌ವರೆಗೆ ಹೋಗುವ ಡಿಎಂಎಕ್ಸ್ ಸಿಗ್ನಲ್ ಕೂಡ ಹಾಗೇ, ಒಂದೇ ದಿಕ್ಕಿನ ಮಾತು. ಆದ್ದರಿಂದ ಪರದೆಯ ಮೇಲೆ ಫೇಡರ್ (ಬೆಳಕು ಏರಿಸಿ ಇಳಿಸುವ ಪಟ್ಟಿ) 100ಕ್ಕೆ ಏರಿ ನಿಂತಿದ್ದರೂ ಅದು ನಿಮ್ಮ ಬೆರಳು ಎಲ್ಲಿದೆ ಎಂಬುದನ್ನಷ್ಟೇ ಹೇಳುತ್ತದೆ. ಸಾಕ್ಷಿ ಬೇಕಿದ್ದರೆ ದಾರಿಯುದ್ದಕ್ಕೂ ನಡೆದು ನೋಡಬೇಕು: ಟ್ಯಾಬ್, ವೈಫೈ, ನೋಡ್, ಕೇಬಲ್, ಲೈಟ್. ಸಿಗ್ನಲ್ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ? ಹುಡುಕಬೇಕಾದದ್ದು ಅದೊಂದನ್ನೇ.

ಮೊದಲು ನೋಡ್ ಹತ್ತಿರ ಹೋಗಿ

ನಡುವಿನಿಂದ ಶುರು ಮಾಡಿದರೆ ಅರ್ಧ ಕೆಲಸ ಒಮ್ಮೆಲೇ ಉಳಿಯುತ್ತದೆ. ನಡುವಿನಲ್ಲಿರುವುದು ನೋಡ್. ಒಬ್ಬರು ಟ್ಯಾಬ್‌ನಲ್ಲಿ ಫೇಡರ್ ಮೇಲೆ ಕೆಳಗೆ ಆಡಿಸುತ್ತಿರಲಿ, ನೀವು ನೋಡ್ ಮುಂದೆ ಕೂತು ಅದರ ಪುಟ್ಟ ದೀಪಗಳನ್ನು ನೋಡಿ. ಕೆಲವು ನೋಡ್‌ಗಳಲ್ಲಿ ಡಿಎಂಎಕ್ಸ್ ದೀಪ ಡೇಟಾ ಬರಲಿ ಬಿಡಲಿ ಸುಮ್ನೆ ಮಿನುಗುತ್ತಲೇ ಇರುತ್ತದೆ. ಅದನ್ನು ನಂಬಬೇಡಿ. ನಿಮಗೆ ಬೇಕಾದದ್ದು ನೆಟ್‌ವರ್ಕ್ ಕಡೆಯಿಂದ ಡೇಟಾ ಬಂದಾಗ ಹತ್ತುವ ದೀಪ. ಯಾವುದು ಅಂತ ತಿಳಿಯದಿದ್ದರೆ ಆ್ಯಪನ್ನು ಪೂರ್ತಿ ಮುಚ್ಚಿಸಿ ನೋಡಿ, ಮತ್ತೆ ತೆರೆಸಿ ನೋಡಿ. ಯಾವ ದೀಪದ ಆಟ ಬದಲಾಯಿತೋ ಅದೇ.

ಆ ದೀಪ ಆಡುತ್ತಿದ್ದರೆ ಟ್ಯಾಬ್ ಮತ್ತು ವೈಫೈ ಸರಿ ಇವೆ. ತಪ್ಪು ಆ್ಯಪ್‌ನ ಅಥವಾ ನೋಡ್‌ನ ಸೆಟ್ಟಿಂಗ್‌ನಲ್ಲಿ, ಕೇಬಲ್‌ನಲ್ಲಿ ಅಥವಾ ಲೈಟ್‌ನಲ್ಲಿದೆ. ಆಡದಿದ್ದರೆ ಸ್ಟೇಜ್ ಹತ್ತಬೇಡಿ, ಏಣಿ ಎತ್ತಬೇಡಿ. ತಪ್ಪು ಟ್ಯಾಬ್, ವೈಫೈ ಕಡೆಗೇ ಇದೆ.

ಅದೇ ಹೊತ್ತಿನಲ್ಲಿ ಯಾವುದಾದರೂ ಒಂದು ಪಾರ್‌ನ ಹಿಂದಿನ ಮೆನುವಿನಲ್ಲಿ ಸ್ಟ್ಯಾಟಿಕ್ (ಬದಲಾಗದೆ ನಿಲ್ಲುವ) ಬಣ್ಣ ಹಾಕಿ ನೋಡಿ. ಹತ್ತಿದರೆ ಆ ಪಾರ್‌ಗೆ ಕರೆಂಟ್ ಬರುತ್ತಿದೆ, ಎಲ್‌ಇಡಿಗಳೂ ಸರಿ ಇವೆ. ಆಮೇಲೆ ಅದನ್ನು ಡಿಎಂಎಕ್ಸ್ ಮೋಡ್‌ಗೆ ವಾಪಸ್ ತರುವುದನ್ನು ಮರೆಯಬೇಡಿ.

ನೋಡ್‌ಗೆ ಡೇಟಾ ಬರುತ್ತಿಲ್ಲ

ಐಪ್ಯಾಡ್ ಆದರೆ ಮೊದಲು ಪರ್ಮಿಷನ್ ನೋಡಿ. 2020ರಲ್ಲಿ ಬಂದ ಐಓಎಸ್ 14ರ ಹೊತ್ತಿನಿಂದ, ಅಕ್ಕಪಕ್ಕದ ಸಾಧನಗಳ ಜೊತೆ ಮಾತಾಡಲು ಪ್ರತಿ ಆ್ಯಪೂ ನಿಮ್ಮ ಒಪ್ಪಿಗೆ ಕೇಳುತ್ತದೆ. ಮೊದಲ ಸಲ ತೆರೆದಾಗ ಬಂದ ಪ್ರಶ್ನೆಗೆ ಯಾರೋ ಅವಸರದಲ್ಲಿ ಬೇಡ ಎಂದು ಒತ್ತಿದ್ದರೆ, ಆ್ಯಪ್ ಚೆನ್ನಾಗಿಯೇ ತೆರೆಯುತ್ತದೆ, ಫೇಡರೂ ಆಡುತ್ತದೆ, ಹೊರಗೆ ಮಾತ್ರ ಏನೂ ಹೋಗುವುದಿಲ್ಲ. ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯೂರಿಟಿ, ಲೋಕಲ್ ನೆಟ್‌ವರ್ಕ್. ಅಲ್ಲಿ ನಿಮ್ಮ ಆ್ಯಪ್ ಹೆಸರಿನ ಮುಂದೆ ಸ್ವಿಚ್ ಆನ್ ಇರಬೇಕು.

ಆಂಡ್ರಾಯ್ಡ್ ಟ್ಯಾಬ್‌ನ ಸಮಸ್ಯೆ ಬೇರೆ. ನಮ್ಮ ಷೋ ರೌಟರ್‌ಗೆ ಇಂಟರ್ನೆಟ್ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಟ್ಯಾಬ್ "ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ" ಎಂದುಕೊಂಡು ತಾನೇ ಸಿಮ್‌ನ ಡೇಟಾಕ್ಕೋ, ಮೊದಲು ಸೇವ್ ಮಾಡಿದ ಬೇರೆ ವೈಫೈಗೋ ಹಾರುತ್ತದೆ. ಷೋ ಟ್ಯಾಬನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಉಳಿದ ಎಲ್ಲ ವೈಫೈ ಹೆಸರುಗಳನ್ನು ಮರೆಸಿಬಿಡಿ. ಷೋ ನಡುವೆ ಕರೆ ಬರುವುದೂ ತಪ್ಪುತ್ತದೆ.

ಇನ್ನು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನದ ನಂಬರ್. ಹೊಸಬರು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಬಹಳಷ್ಟು ಆರ್ಟ್‌ನೆಟ್ ನೋಡ್‌ಗಳು ಅಂಗಡಿಯಿಂದ ಬರುವಾಗಲೇ 2ರಿಂದ ಶುರುವಾಗುವ ವಿಳಾಸ ಇಟ್ಟುಕೊಂಡು ಬರುತ್ತವೆ, ಸಬ್‌ನೆಟ್ ಮಾಸ್ಕ್ (ಯಾವ ವಿಳಾಸಗಳು ಒಂದೇ ಸಾಲಿನವು ಎಂದು ಹೇಳುವ ಸಂಖ್ಯೆ) 255.0.0.0. ನಿಮ್ಮ ರೌಟರ್ ಟ್ಯಾಬ್‌ಗೆ ಕೊಟ್ಟಿರುವುದು 192.168.1ರ ಸಾಲಿನ ವಿಳಾಸ. ಇವೆರಡೂ ಒಂದೇ ರೌಟರ್‌ಗೆ ಸೇರಿದ್ದರೂ ಒಂದರ ಮಾತು ಒಂದಕ್ಕೆ ಕೇಳುವುದಿಲ್ಲ. ನೋಡನ್ನೂ ರೌಟರ್‌ನ ಸಾಲಿಗೇ ತರುವುದು ನನಗೆ ಸರಿ ಕಾಣುತ್ತದೆ. ಉದಾಹರಣೆಗೆ ರೌಟರ್ 192.168.1.1, ನೋಡ್ 192.168.1.50, ಟ್ಯಾಬ್ 192.168.1.60, ಮಾಸ್ಕ್ ಎಲ್ಲಕ್ಕೂ 255.255.255.0. ರೌಟರ್ ತಾನಾಗಿ ಹಂಚುವ ವಿಳಾಸಗಳಲ್ಲಿ 50, 60 ಬರದಂತೆ ನೋಡಿಕೊಳ್ಳಿ. ಈ ಮೂರು ವಿಳಾಸಗಳನ್ನು ನೋಡ್ ಪೆಟ್ಟಿಗೆಯ ಮೇಲೆ ಟೇಪ್ ಅಂಟಿಸಿ ಬರೆದಿಡಿ. ಟ್ಯಾಬ್‌ನ ವಿಳಾಸ 169.254ರಿಂದ ಶುರುವಾಗಿದ್ದರೆ ರೌಟರ್ ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ ಎಂದು ತಿಳಿಯಿರಿ.

ವಿಳಾಸ ಸರಿ ಇದ್ದೂ ಆಗದಿದ್ದರೆ, ಟ್ಯಾಬ್ ರೌಟರ್‌ನ ಗೆಸ್ಟ್ ವೈಫೈಗೆ ಸೇರಿದೆಯೇ ನೋಡಿ. ಗೆಸ್ಟ್ ನೆಟ್‌ವರ್ಕ್ ಸಾಮಾನ್ಯವಾಗಿ ಒಳಗಿನ ಸಾಧನಗಳನ್ನು ಒಂದಕ್ಕೊಂದು ಕಾಣದಂತೆ ಇಡುತ್ತದೆ.

ಡೇಟಾ ಬರುತ್ತಿದೆ, ಆದರೂ ಒಂದೂ ಲೈಟ್ ಹತ್ತುತ್ತಿಲ್ಲ

ಮೊದಲ ಅನುಮಾನ ಯೂನಿವರ್ಸ್ ನಂಬರ್ ಮೇಲೆ. ಒಂದು ಯೂನಿವರ್ಸ್ ಅಂದರೆ 512 ಚಾನೆಲ್‌ಗಳ ಗುಂಪು, ಒಂದೊಂದು ಚಾನೆಲ್ ಲೈಟ್‌ನ ಹೊಳಪು, ಕೆಂಪು, ಹಸಿರಿನಂಥ ಒಂದೊಂದು ಮಟ್ಟ ಒಯ್ಯುತ್ತದೆ. ಆರ್ಟ್‌ನೆಟ್ ತನ್ನ ಎಣಿಕೆಯನ್ನು 0ಯಿಂದ ಶುರು ಮಾಡುತ್ತದೆ, ಎಸ್‌ಎಸಿಎನ್ 1ರಿಂದ. ಕೆಲವು ಆ್ಯಪ್‌ಗಳು ಆರ್ಟ್‌ನೆಟ್‌ನ 0ಯನ್ನೂ ಪರದೆಯ ಮೇಲೆ 1 ಎಂದೇ ತೋರಿಸುತ್ತವೆ. ಹಾಗಾಗಿ ಎರಡೂ ಕಡೆ 1 ಎಂದು ಕಂಡರೂ ಒಂದು ಮನೆ ತಪ್ಪಿರಬಹುದು. ಆ್ಯಪ್‌ನಲ್ಲಿ ಯೂನಿವರ್ಸನ್ನು ಒಂದು ಕೆಳಗೆ, ಒಂದು ಮೇಲೆ ಮಾಡಿ ನೋಡಿ. ಪ್ರೋಟೋಕಾಲ್ (ಆರ್ಟ್‌ನೆಟ್ ಅಥವಾ ಎಸ್‌ಎಸಿಎನ್) ಎರಡೂ ಕಡೆ ಒಂದೇ ಇದೆಯೇ ಅದನ್ನೂ ನೋಡಿ. ಇದಾದರೂ ಆಗಲಿಲ್ಲವಾ? ನೋಡ್‌ನಿಂದ ನೇರವಾಗಿ ಒಂದೇ ಪಾರ್‌ಗೆ, ಒಂದೇ ಚಿಕ್ಕ ಕೇಬಲ್ ಹಾಕಿ. ಅದು ಹತ್ತಿದರೆ ತಪ್ಪು ಮೇಲಿನ ಲೈನ್‌ನಲ್ಲಿದೆ.

ಕೆಂಪು ಕೊಟ್ಟರೆ ಹಳದಿ ಬರುತ್ತಿದೆ

ಈ ದೋಷ ನನಗೆ ಇಷ್ಟ, ಯಾಕೆಂದರೆ ಬಣ್ಣವೇ ಉತ್ತರ ಹೇಳಿಬಿಡುತ್ತದೆ. ಮುಂದಿನ ಬಾರ್‌ನಲ್ಲಿ ನಾಲ್ಕು ಪಾರ್ ಇವೆ ಎಂದುಕೊಳ್ಳಿ. ಆ್ಯಪ್‌ನಲ್ಲಿ ಎಲ್ಲವನ್ನೂ 7 ಚಾನೆಲ್ ಎಂದು ಸೇರಿಸಿದ್ದೀರಿ. ಮೊದಲ ಚಾನೆಲ್ ಡಿಮ್ಮರ್ (ಒಟ್ಟು ಹೊಳಪು), ಎರಡನೆಯದು ಕೆಂಪು, ಮೂರನೆಯದು ಹಸಿರು, ನಾಲ್ಕನೆಯದು ನೀಲಿ. ಡಿಎಂಎಕ್ಸ್ ವಿಳಾಸಗಳು, ಅಂದರೆ ಪ್ರತಿ ಪಾರ್‌ನ ಮೊದಲ ಚಾನೆಲ್ ನಂಬರ್, 1, 8, 15, 22. ಕೆಂಪು ಕೊಟ್ಟಾಗ ಮೂರು ಪಾರ್ ಕೆಂಪಾಗುತ್ತವೆ, ಒಂದು ಮಾತ್ರ ಹಳದಿ ಆಗುತ್ತದೆ. ನೀಲಿ ಕೊಟ್ಟರೆ ಅದೇ ಪಾರ್ ಕೆಂಪು ತೋರಿಸುತ್ತದೆ.

ಆ ಪಾರ್ 3 ಚಾನೆಲ್ ಮೋಡ್‌ನಲ್ಲಿದೆ. ಅದಕ್ಕೆ ಮೊದಲ ಚಾನೆಲ್ಲೇ ಕೆಂಪು, ಎರಡನೆಯದು ಹಸಿರು, ಮೂರನೆಯದು ನೀಲಿ. ನೀವು ಡಿಮ್ಮರ್ ಎಂದು ಕಳಿಸಿದ್ದನ್ನು ಅದು ಕೆಂಪು ಎಂದು ಓದಿತು, ಕೆಂಪು ಎಂದು ಕಳಿಸಿದ್ದನ್ನು ಹಸಿರು ಎಂದು ಓದಿತು. ಕೆಂಪು ಬೆಳಕು, ಹಸಿರು ಬೆಳಕು ಸೇರಿದರೆ ಹಳದಿ. ನೀಲಿಯ ನಾಲ್ಕನೇ ಚಾನೆಲ್ ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಡಿಮ್ಮರ್ ಮಾತ್ರ ಕೆಂಪಾಗಿ ಹತ್ತಿತು. ಪಾರ್ ಹಿಂದಿನ ಮೆನುವಿಗೆ ಹೋಗಿ ಮೋಡ್ ಬದಲಿಸಿದರೆ ಮುಗಿಯಿತು. ಬಾಡಿಗೆಗೆ ತಂದ ಲೈಟ್‌ಗಳಲ್ಲಿ ಇದು ಸಾಮಾನ್ಯ. ಹಿಂದಿನ ಷೋದವರು ಹಾಕಿದ ಮೋಡ್ ಹಾಗೇ ಉಳಿದಿರುತ್ತದೆ. ಅದಕ್ಕೇ ಲೈಟ್ ಕಟ್ಟುವ ಮೊದಲು, ನೆಲದ ಮೇಲಿರುವಾಗಲೇ ಪ್ರತಿಯೊಂದರ ಮೋಡ್ ಮತ್ತು ವಿಳಾಸ ನೋಡಿಕೊಳ್ಳಿ.

ಎರಡು ಲೈಟ್ ಯಾವಾಗಲೂ ಒಟ್ಟಿಗೇ ಆಡಿದರೆ ಎರಡಕ್ಕೂ ಒಂದೇ ವಿಳಾಸ ಬಿದ್ದಿದೆ. ಒಂದನ್ನು ಏರಿಸಿದರೆ ಪಕ್ಕದ್ದರ ಬಣ್ಣ ಕೆಡುತ್ತಿದ್ದರೆ ವಿಳಾಸಗಳು ಒಂದರ ಮೇಲೊಂದು ಹತ್ತಿವೆ.

ಮಧ್ಯಾಹ್ನ ಸರಿ ಇತ್ತು, ಜನ ಬಂದ ಮೇಲೆ ಕೆಟ್ಟಿತು

ಈ ದೋಷದ ಮುಂದೆ ಉಳಿದವೆಲ್ಲ ಚಿಕ್ಕವು. ತಾಲೀಮಿನಲ್ಲಿ ಎಲ್ಲಾ ಚೆನ್ನಾಗಿತ್ತು. ರಾತ್ರಿ ಹಾಲ್ ತುಂಬಿತು. ಬೆಳಗಿನ ದೃಶ್ಯಕ್ಕೆ ಬೆಳಕು ಹತ್ತು ಸೆಕೆಂಡಿನಲ್ಲಿ ಮೆಲ್ಲಗೆ ಏರಬೇಕು. ಅದು ಅರ್ಧಕ್ಕೆ ನಿಲ್ಲುತ್ತದೆ, ದಡಕ್ಕನೆ ಹಾರುತ್ತದೆ, ಮತ್ತೆ ನಿಲ್ಲುತ್ತದೆ. ನಟಿ ತನ್ನ ಮಾತು ಮುಗಿಸಿ ಮುಖ ಎತ್ತುವ ಹೊತ್ತಿಗೆ ಬೆಳಕು ಇನ್ನೂ ಬಂದಿರುವುದಿಲ್ಲ. ತಿಂಗಳುಗಟ್ಟಲೆ ತಾಲೀಮು ಮಾಡಿದವರಿಗೆ ನಾವು ಹೀಗೆ ಮಾಡಬಾರದು.

ಆಗುತ್ತಿರುವುದು ಇಷ್ಟು. ಫೇಡ್‌ನ ಪ್ರತಿ ಚಿಕ್ಕ ಹೆಜ್ಜೆಯನ್ನೂ ಟ್ಯಾಬ್ ಬೇರೆ ಬೇರೆ ಪ್ಯಾಕೆಟ್ ಆಗಿ ಕಳಿಸುತ್ತದೆ. 512 ಚಾನೆಲ್ ಪೂರ್ತಿ ಇದ್ದರೆ ಡಿಎಂಎಕ್ಸ್ ಲೈನ್ ಸೆಕೆಂಡಿಗೆ ಸುಮಾರು 44 ಸಲ ಹೊಸ ಮಟ್ಟ ಒಯ್ಯಬಲ್ಲದು. ನಡುವಿನ ಪ್ಯಾಕೆಟ್‌ಗಳು ಗಾಳಿಯಲ್ಲೇ ಕಳೆದರೆ ನಯವಾದ ಏರಿಕೆ ಕುಪ್ಪಳಿಸುವಿಕೆ ಆಗುತ್ತದೆ. ಹಾಲ್‌ನಲ್ಲಿ ಮುನ್ನೂರು ಜನ ಇದ್ದರೆ ಮುನ್ನೂರು ಫೋನ್. ಅವುಗಳ ವೈಫೈ, ಬ್ಲೂಟೂತ್, ಹಾಟ್‌ಸ್ಪಾಟ್ ಎಲ್ಲಾ 2.4 ಗಿಗಾಹರ್ಟ್ಸ್‌ನಲ್ಲಿ ಕಿಕ್ಕಿರಿಯುತ್ತವೆ. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ವೈಫೈ ಚಾನೆಲ್ ಎಂದರೆ 1, 6, 11 ಮಾತ್ರ. ಮೇಲಾಗಿ ಮನುಷ್ಯರ ಮೈಯಲ್ಲಿ ನೀರು ಜಾಸ್ತಿ, ಅದು ಈ ಅಲೆಗಳನ್ನು ಹೀರುತ್ತದೆ. ಖಾಲಿ ಹಾಲ್‌ನಲ್ಲಿ ಮಾಡಿದ ಪರೀಕ್ಷೆ ತುಂಬಿದ ಹಾಲ್‌ಗೆ ಅನ್ವಯಿಸುವುದಿಲ್ಲ.

ಖಚಿತ ಮಾಡಿಕೊಳ್ಳಲು ಟ್ಯಾಬ್ ಹಿಡಿದು ರೌಟರ್ ಪಕ್ಕ ಹೋಗಿ ನಿಂತು ಅದೇ ಫೇಡ್ ಓಡಿಸಿ. ಅಲ್ಲಿ ನಯವಾಗಿ ಬಂದರೆ ತಪ್ಪು ಗಾಳಿಯದ್ದೇ.

ಪರಿಹಾರಗಳಲ್ಲಿ ಮೊದಲನೆಯದು ಬ್ರಾಡ್‌ಕಾಸ್ಟ್ (ಎಲ್ಲ ಸಾಧನಗಳಿಗೂ ಕಳಿಸುವುದು) ಬಿಟ್ಟು ಯೂನಿಕಾಸ್ಟ್ (ಒಂದೇ ಸಾಧನಕ್ಕೆ ಕಳಿಸುವುದು) ಮಾಡುವುದು. ಆ್ಯಪ್‌ನಲ್ಲಿ ನೋಡ್‌ನ ಐಪಿಯನ್ನೇ ಟೈಪ್ ಮಾಡುವ ಜಾಗ ಇರುತ್ತದೆ. ರೌಟರ್ ಬ್ರಾಡ್‌ಕಾಸ್ಟ್ ಪ್ಯಾಕೆಟನ್ನು ಗಾಳಿಗೆ ಬಿಡುವಾಗ ನಿಧಾನದ ವೇಗದಲ್ಲಿ ಬಿಡುತ್ತದೆ, ಕಳೆದುಹೋದರೆ ಮತ್ತೆ ಕಳಿಸುವುದಿಲ್ಲ. ಯೂನಿಕಾಸ್ಟ್ ಆದರೆ ವೈಫೈ ತನ್ನ ಮಟ್ಟದಲ್ಲಿ ಮತ್ತೆ ಪ್ರಯತ್ನಿಸುತ್ತದೆ. ವೈಫೈ ಮೇಲೆ ನಿಂತ ನೋಡ್ ಇದ್ದರಂತೂ ಇದೊಂದೇ ಬದಲಾವಣೆಯಿಂದ ದೊಡ್ಡ ವ್ಯತ್ಯಾಸ ಕಾಣುತ್ತದೆ. ಎರಡನೆಯದು ರೌಟರ್‌ನ 5 ಗಿಗಾಹರ್ಟ್ಸ್ ಬಳಸುವುದು. ಅದರ ಗೋಡೆ ದಾಟುವ ಶಕ್ತಿ ಕಡಿಮೆ, ಆದ್ದರಿಂದ ಟ್ಯಾಬ್‌ಗೂ ರೌಟರ್‌ಗೂ ನಡುವೆ ಕಣ್ಣಿಗೆ ಅಡ್ಡ ಏನೂ ಇರಬಾರದು. ರೌಟರನ್ನು ಕುರ್ಚಿ ಕೆಳಗೆ ಇಡಬೇಡಿ. ಕೂತವರ ತಲೆಗಿಂತ ಎತ್ತರಕ್ಕೆ ಕಟ್ಟಿ. ನೋಡನ್ನು ರೌಟರ್‌ಗೆ ಲ್ಯಾನ್ ಕೇಬಲ್‌ನಲ್ಲೇ ಜೋಡಿಸಿ.

ಇದೆಲ್ಲಕ್ಕಿಂತ ನಾನು ನಂಬುವುದು ವೈರನ್ನೇ. ಟ್ಯಾಬ್‌ಗೆ ಹೊಂದುವ ಯುಎಸ್‌ಬಿ-ಸಿ ಲ್ಯಾನ್ ಅಡಾಪ್ಟರ್ ತಂದು, ನೂರು ಮೀಟರ್ ಒಳಗಿನ ಲ್ಯಾನ್ ಕೇಬಲ್ ಎಳೆದರೆ ಈ ಇಡೀ ತಲೆನೋವೇ ಇಲ್ಲ. ಆ್ಯಪ್ ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ಮನೆಯಲ್ಲಿ ಪರೀಕ್ಷಿಸಿ. ಫೋಕಸ್ ಮಾಡುವಾಗ ಟ್ಯಾಬ್ ಕೈಯಲ್ಲಿ ಹಿಡಿದು ಸ್ಟೇಜ್ ತುಂಬಾ ಓಡಾಡಲು ವೈಫೈ ಬೇಕೇ ಬೇಕು, ಅದರ ಸುಖ ಬೇರೆ. ಷೋಗೆ ಮಾತ್ರ ವೈರ್ ಇರಲಿ.

ಲೈಟ್ ಮಿನುಗುತ್ತದೆ, ತಾನಾಗಿ ಕುಣಿಯುತ್ತದೆ

ಲೈನ್‌ನ ಕೊನೆಯಲ್ಲಿ ಟರ್ಮಿನೇಟರ್ ಇದೆಯಾ ನೋಡಿ. ಒಂದು ಗಂಡು ಎಕ್ಸ್‌ಎಲ್‌ಆರ್ ಪ್ಲಗ್ (ಡಿಎಂಎಕ್ಸ್ ಕೇಬಲ್‌ನ ಪಿನ್ ಇರುವ ಪ್ಲಗ್) ತಗೊಂಡು 2 ಮತ್ತು 3ನೇ ಪಿನ್ ನಡುವೆ 120 ಓಮ್ ರೆಸಿಸ್ಟರ್ ಬೆಸುಗೆ ಹಾಕಿದರೆ ಟರ್ಮಿನೇಟರ್ ಸಿದ್ಧ. ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೇ ಸಾಮಾನು ಸಿಗುತ್ತದೆ. ಕೊನೆಯ ಲೈಟ್‌ನ ಔಟ್‌ಗೆ ಅದನ್ನು ಚುಚ್ಚಿ. ಅದಿಲ್ಲದಿದ್ದರೆ ಸಿಗ್ನಲ್ ಕೇಬಲ್ ತುದಿಗೆ ಬಡಿದು ವಾಪಸ್ ಬರುತ್ತದೆ, ಹೊಸ ಸಿಗ್ನಲ್ ಜೊತೆ ಕಲಸಿಹೋಗುತ್ತದೆ. ಮೈಕ್ ಕೇಬಲ್ ಹಾಕಿದ್ದರೂ ಇದೇ ಗತಿ. ಪ್ಲಗ್ ಒಂದೇ ಥರ ಕಾಣುತ್ತದೆ ಅಷ್ಟೇ, ಒಳಗಿನ ತಂತಿ ಈ ವೇಗಕ್ಕೆ ಮಾಡಿದ್ದಲ್ಲ.

ಟರ್ಮಿನೇಟರ್ ಹಾಕಿದ ಮೇಲೆ ಮಲ್ಟಿಮೀಟರ್‌ನಿಂದ ಇಡೀ ಲೈನನ್ನು ಒಂದೇ ಸಲ ನೋಡಬಹುದು. ಎಲ್ಲಾ ಲೈಟ್‌ಗಳ ಕರೆಂಟ್ ಆಫ್ ಮಾಡಿ, ನೋಡ್‌ನಿಂದ ಕೇಬಲ್ ಬಿಡಿಸಿ, ಆ ತುದಿಯ 2 ಮತ್ತು 3ನೇ ಪಿನ್ ನಡುವೆ ಓಮ್ ಅಳೆಯಿರಿ. 120ರ ಆಸುಪಾಸು ಬಂದರೆ ಆ ಎರಡು ತಂತಿಗಳು ಕೊನೆಯವರೆಗೂ ಸರಿ. ತುಂಬಾ ಜಾಸ್ತಿ ತೋರಿಸಿದರೆ ಎಲ್ಲೋ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಆಗಿದೆ. ನಡುವಿನ ಒಂದು ಲೈಟ್ ಹತ್ತಿರ ಬಿಡಿಸಿ ಮತ್ತೆ ಅಳೆದರೆ ಯಾವ ಅರ್ಧದಲ್ಲಿ ತಪ್ಪಿದೆ ಎಂದು ಗೊತ್ತಾಗುತ್ತದೆ. ಒಂದು ಲೈನ್‌ಗೆ 32 ಲೈಟ್‌ಗಿಂತ ಜಾಸ್ತಿ ಹಾಕಬೇಡಿ, ಬೇಕಿದ್ದರೆ ಸ್ಪ್ಲಿಟರ್ (ಒಂದು ಲೈನನ್ನು ಹಲವಾಗಿ ಹಂಚುವ ಪೆಟ್ಟಿಗೆ) ಬಳಸಿ.

ಒಂದೇ ಒಂದು ಎಲ್‌ಇಡಿ ಪಾರ್ ಮಿನುಗುತ್ತಿದ್ದರೆ ಅದರ ಪವರ್ ಪ್ಲಗ್ ಎಲ್ಲಿಗೆ ಹೋಗಿದೆ ನೋಡಿ. ಹಳೆಯ ಹ್ಯಾಲೊಜೆನ್ ಲೈಟ್‌ಗಳ ಡಿಮ್ಮರ್ ಪ್ಯಾಕ್‌ಗೆ ಚುಚ್ಚಿದ್ದರೆ ಕೂಡಲೇ ತೆಗೆಯಿರಿ. ಎಲ್‌ಇಡಿ ಪಾರ್‌ಗೆ ನಡುವೆ ಡಿಮ್ಮರ್ ಇಲ್ಲದ ಕರೆಂಟ್ ಬೇಕು. ಡಿಮ್ಮರ್ ಮೂಲಕ ಕೊಟ್ಟರೆ ಒಳಗಿನ ಸರ್ಕ್ಯೂಟ್ ಸುಡಬಹುದು. ಲೈಟ್ ಬಾಡಿಯೋ ಕೇಬಲ್‌ನ ಲೋಹದ ಪ್ಲಗ್ಗೋ ಮುಟ್ಟಿದಾಗ ಜುಂ ಎಂದರೆ ಅಲ್ಲಿಗೇ ಎಲ್ಲಾ ನಿಲ್ಲಿಸಿ. ಅದು ಅರ್ಥಿಂಗ್ ತಪ್ಪು. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಯಾರೂ ಏಣಿ ಹತ್ತಬಾರದು, ನಾಟಕ ತಡವಾದರೂ ಪರವಾಗಿಲ್ಲ.

ಬ್ಲ್ಯಾಕ್‌ಔಟ್ ಕೊಟ್ಟರೂ ಲೈಟ್ ಆರುವುದಿಲ್ಲ

ಇನ್ನೊಬ್ಬರ ಫೋನ್‌ನಲ್ಲಿ ಅದೇ ಆ್ಯಪ್ ತೆರೆದಿದೆಯಾ ಕೇಳಿ. ಆರ್ಟ್‌ನೆಟ್ ನೋಡ್ ಎರಡು ಕಡೆಯಿಂದ ಬಂದ ಡೇಟಾ ಸೇರಿಸಬಲ್ಲದು. ನೋಡ್‌ನ ಮರ್ಜ್ (ಸೇರಿಸುವ) ಸೆಟ್ಟಿಂಗ್ ಎಚ್‌ಟಿಪಿ ಎಂದು ಇದ್ದರೆ ಎರಡರಲ್ಲಿ ಯಾವುದು ಜಾಸ್ತಿಯೋ ಅದೇ ಗೆಲ್ಲುತ್ತದೆ. ನೀವು 0 ಕೊಟ್ಟಿದ್ದೀರಿ, ಅವರ ಫೋನ್ 80ರಲ್ಲಿ ನಿಂತಿದೆ. ಅವರ ಆ್ಯಪ್ ಮುಚ್ಚಿಸಿ.

ಬಿಸಿಲು, ಕರೆಂಟ್

ಏಪ್ರಿಲ್, ಮೇನಲ್ಲಿ ಕಲಬುರಗಿ 40 ಡಿಗ್ರಿ ದಾಟುವುದು ಹೊಸದಲ್ಲ. ಐಪ್ಯಾಡ್ ಬಳಸಲು ಆ್ಯಪಲ್ ಹೇಳುವ ಸುತ್ತಲಿನ ತಾಪ 0ಯಿಂದ 35 ಡಿಗ್ರಿ. ಅದು ದಾಟಿದರೆ ಪರದೆ ತಾನಾಗಿ ಮಂಕಾಗಬಹುದು, ಚಾರ್ಜ್ ನಿಲ್ಲಬಹುದು, ಕೊನೆಗೆ ತಣ್ಣಗಾಗುವವರೆಗೆ ಏನೂ ಮಾಡದಂತೆ ಎಚ್ಚರಿಕೆ ಬಂದು ನಿಲ್ಲಬಹುದು. ತಗಡಿನ ಶೆಡ್‌ನಲ್ಲಿ ಮಧ್ಯಾಹ್ನ ಕ್ಯೂ ಹಾಕುವಾಗ "ಆ್ಯಪ್ ಹ್ಯಾಂಗ್ ಆಯ್ತು" ಅನ್ನುವುದು ಎಷ್ಟೋ ಸಲ ಬಿಸಿಯ ಕೆಲಸ. ದಪ್ಪ ಕವರ್ ತೆಗೆಯಿರಿ, ನೆರಳಲ್ಲಿ ಫ್ಯಾನ್ ಮುಂದೆ ಇಡಿ, ಬ್ರೈಟ್‌ನೆಸ್ ಇಳಿಸಿ. ಫ್ರಿಜ್‌ನಲ್ಲಿ, ಐಸ್ ಮೇಲೆ ಇಡಬೇಡಿ, ಒಳಗೆ ನೀರು ಕಟ್ಟುತ್ತದೆ.

ಹಳ್ಳಿ ಸ್ಟೇಜ್‌ನಲ್ಲಿ ಕರೆಂಟ್‌ನಿಂದ ಜನರೇಟರ್‌ಗೆ ಬದಲಾಗುವ ಒಂದು ಕ್ಷಣದಲ್ಲಿ ರೌಟರ್ ಆರಿ ಹತ್ತುತ್ತದೆ. ಅದು ಮತ್ತೆ ಎದ್ದು ಕೂರಲು ನಿಮಿಷಗಳೇ ಬೇಕು. ರೌಟರ್ ಮತ್ತು ನೋಡ್ ಎರಡಕ್ಕೂ ಚಿಕ್ಕ ಯುಪಿಎಸ್ ಕೊಡಿ. ನೋಡ್‌ನ ಸೆಟ್ಟಿಂಗ್‌ನಲ್ಲಿ, ಡೇಟಾ ನಿಂತರೆ ಕೊನೆಯ ಮಟ್ಟ ಹಿಡಿದಿಡು ಎಂಬ ಆಯ್ಕೆ ಇದ್ದರೆ ಅದನ್ನೇ ಹಾಕಿ. ಆಗ ವೈಫೈ ಹೋದರೂ ದೃಶ್ಯ ಕತ್ತಲಾಗುವುದಿಲ್ಲ.

ಪ್ಲಾನ್ ಒಂದು, ಸ್ಟೇಜ್ ಇನ್ನೊಂದು

ಟ್ಯಾಬ್‌ನಲ್ಲಿ ಬರೆದ ಲೈಟ್ ಪ್ಲಾನ್‌ನಂತೆ ಕಟ್ಟಿದರೂ ಬೆಳಕು ಬೇರೆ ಕಡೆ ಬೀಳುತ್ತಿದ್ದರೆ ಅಳತೆ ನೋಡಿ. 1:50 ಪ್ಲಾನ್‌ನಲ್ಲಿ ಸ್ಟೇಜ್‌ನ 5 ಮೀಟರ್ ಅಂದರೆ ಕಾಗದದ ಮೇಲೆ 10 ಸೆಂಟಿಮೀಟರ್. ಎ3 ಪ್ಲಾನನ್ನು ಝೆರಾಕ್ಸ್ ಅಂಗಡಿಯಲ್ಲಿ ಎ4ಗೆ ಹೊಂದಿಸಿ ಪ್ರಿಂಟ್ ಹಾಕಿದರೆ ಅದೇ ಗೆರೆ 7 ಸೆಂಟಿಮೀಟರ್ ಆಗುತ್ತದೆ. ಪ್ಲಾನ್‌ನ ಮೂಲೆಯಲ್ಲಿ 5 ಮೀಟರ್‌ನ ಗೆರೆಯೊಂದನ್ನು ಯಾವಾಗಲೂ ಬರೆದಿಡಿ, ಪ್ರಿಂಟ್ ಬಂದ ಕೂಡಲೇ ಸ್ಕೇಲ್ ಇಟ್ಟು ನೋಡಿ. ಶಾಮಿಯಾನದವರು ಅಳತೆ ಹೇಳುವುದು ಅಡಿಯಲ್ಲಿ, ಆ್ಯಪ್ ಇರುವುದು ಮೀಟರ್‌ನಲ್ಲಿ. 24 ಅಡಿ ಸ್ಟೇಜ್ ಅಂದರೆ 7.3 ಮೀಟರ್.

ಟೈಮ್ ಇಲ್ಲದಿದ್ದರೆ

ಮೊದಲ ಬೆಲ್‌ಗೆ ಅರ್ಧ ಗಂಟೆ ಇರುವಾಗಲೂ ತಪ್ಪು ಸಿಗದಿದ್ದರೆ ಹುಡುಕುವುದನ್ನು ನಿಲ್ಲಿಸಿ. ಮುಂದಿನ ಪಾರ್‌ಗಳನ್ನು ಮೆನುವಿನಿಂದಲೇ ಬೆಚ್ಚಗಿನ ಬಿಳಿಗೆ ಸ್ಟ್ಯಾಟಿಕ್ ಹಾಕಿ. ಹಿಂದಿನ ಎರಡನ್ನು ನೀಲಿಗೆ ಹಾಕಿ. ಒಂದೊಂದು ಗುಂಪಿನ ಪವರನ್ನು ಬೇರೆ ಬೇರೆ ಸ್ವಿಚ್ ಬೋರ್ಡ್‌ಗೆ ತಂದು, ಸ್ವಿಚ್ ಮೇಲೆ ಟೇಪ್ ಹಚ್ಚಿ ಹಗಲು, ರಾತ್ರಿ ಎಂದು ಬರೆಯಿರಿ. ನಿರ್ದೇಶಕರಿಗೂ ನಟರಿಗೂ ಫೇಡ್ ಇರುವುದಿಲ್ಲ ಎಂದು ಈಗಲೇ ಹೇಳಿ. ಷೋ ಮುಗಿದ ಮೇಲೆ ಸಾಮಾನು ಬಿಚ್ಚುವ ಮೊದಲು ನೋಡ್ ದೀಪದ ಸ್ಥಿತಿ, ಮೂರೂ ಐಪಿ ವಿಳಾಸ, ಯೂನಿವರ್ಸ್ ನಂಬರ್, ಪ್ರತಿ ಪಾರ್‌ನ ಮೋಡ್ ಇವಿಷ್ಟರ ಫೋಟೋ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಆ ತಪ್ಪನ್ನು ಹುಡುಕಲು ಬೇರೆ ಏನೂ ಉಳಿದಿರುವುದಿಲ್ಲ.